ಮೆಂಬರಕಿಯ ಲಿಲಾವು

ಯಡ್ರಾಮಿ ಭಾಗದ ಊರೊಂದರ ಹಿರಿಯರು ಗುಡಿಯ ಕಳಸಾರೋಹಣಕ್ಕೆ ದಿನ ಕೇಳಲು ಬಂದಿದ್ದರು. ಹಣ ಹೇಗೆ ಕೂಡಿತೆಂದು ಕೇಳಿದೆವು. ‘ಪಂಚಾಯತಿ ಮೆಂಬರಕಿ ಲಿಲಾವ ಮಾಡಿದ್ವಿರಿ ಯಪ್ಪಾ. ಊರಾಗ ಜಗಳ ಆಗಲಿಲ್ಲ, ಗುಡಿನೂ ಆತು’ ಎಂದರು.

ಇದು ಒಂದೂರಿನ ಮಾತಲ್ಲ. 2020ರ ಡಿಸೆಂಬರಿನ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ರಾಜ್ಯದ ಹಲವೆಡೆ, ನಮ್ಮ ಕಲಬುರಗಿ ಜಿಲ್ಲೆಯಲ್ಲಿಯೂ, ಹೀಗೆ ನಡೆದುದು ಪತ್ರಿಕೆಗಳಲ್ಲಿ ಬಂದಿತ್ತು. ಚುನಾವಣಾ ಆಯೋಗ ಇದನ್ನು ಅಪರಾಧವೆಂದು ಸಾರಿತು.

ಜಗಳ ಬೇಡವೆಂಬ ಹಿರಿಯರ ಅಂತಃಕರಣ ನಮಗೆ ತಿಳಿಯದ್ದಲ್ಲ. ಆದರೆ ತೊಗರಿ ಕೈಕೊಟ್ಟ ವರ್ಷ ಪುಣೆ, ಮುಂಬಯಿಗೆ ಗುಳೆ ಹೋಗುವವನು ಆ ಲಿಲಾವಿನಲ್ಲಿ ಎಷ್ಟೆಂದು ಕೂಗಬೇಕು? ಲಕ್ಷ ಸುರಿದವನು ಅದನ್ನು ಚರಂಡಿಯಲ್ಲಿ, ರಸ್ತೆಯಲ್ಲಿ, ಕೂಲಿಯವರ ಹಾಜರಿಯಲ್ಲಿ ಮರಳಿ ತೆಗೆಯದೆ ಬಿಡುವನೇ? ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲುತ್ತದೆ. ನೆರೆಯವನ ಮತ ಮಾರಿ ಬಂದುದು ಸಲ್ಲದು. ಮಠದ ಜೋಳಿಗೆಗೂ ಇದೇ ಮಾತು. ಅದನ್ನು ನಾವು ನಮಗೇ ಹೇಳಿಕೊಳ್ಳುತ್ತೇವೆ.

ಬಡವನ ಒಂದು ಮತದಿಂದ ಏನಾದೀತು ಎನ್ನುವವರು 2008ನ್ನು ನೆನೆಯಲಿ. ಯಡ್ರಾಮಿ ಸೇರಿದ ಜೇವರ್ಗಿ ಕ್ಷೇತ್ರದಲ್ಲಿ, ಮುಖ್ಯಮಂತ್ರಿಯಾಗಿದ್ದ ಧರ್ಮಸಿಂಗರು ಕೇವಲ 70 ಮತಗಳಿಂದ ಸೋತರು. ಒಂದು ಸಣ್ಣ ಓಣಿಯ ಮತವಷ್ಟೇ ಅದು.

ಕಳಸಕ್ಕೆ ನಾವು ದಿನ ಕೊಡಲಿಲ್ಲ. ಆ ಹಣವನ್ನು ಕೊಟ್ಟವರಿಗೆ ಮರಳಿಸಿ, ಮನೆಗೊಂದು ಸೇರು ಜೋಳ ಎತ್ತಿಕೊಂಡು ಬನ್ನಿರೆಂದೆವು. ಎಲ್ಲರಿಗಿಂತ ಹಿರಿಯರೊಬ್ಬರು ‘ಆಗಲಿರಿ’ ಎಂದರು. ಉಳಿದವರು ಸುಮ್ಮನೆ ನಮಸ್ಕರಿಸಿ ಎದ್ದರು.