ಕುಡಿತ ಬಿಡಿಸುವ ಕೆಲಸ ಸೊಸೆಯೊಬ್ಬಳದೇ?



‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂದು ಕುಡುಕ ಮಗನಿಗೆ ಹೆಣ್ಣು ತರುವ ಮನೆಗಳು ಇಂದಿಗೂ ಇವೆ. ವರದಕ್ಷಿಣೆಯೂ ಬೇಕು, ಕುಡಿತವನ್ನೂ ಅವಳೇ ಬಿಡಿಸಬೇಕು! 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ.

ಕುಡಿತದ ಚಟ ಕಾಯಿಲೆ, ಮನೆಯವರ ಆಸರೆ ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ವರ್ಷಗಟ್ಟಲೆ ಕುಡಿದವನು ಒಮ್ಮೆಲೇ ಬಿಟ್ಟರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಆದ್ದರಿಂದ ಕೋಣೆಯಲ್ಲಿ ಕೂಡಿಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. 14446ಕ್ಕೆ ಫೋನ್ ಮಾಡಿಯೂ ಕೇಳಬಹುದು. ಅವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ಪುಡಿ ಮಾತ್ರ ಬೇಡವೇ ಬೇಡ. ಅದರಲ್ಲಿ ಡೈಸಲ್ಫಿರಾಮ್ ಇದ್ದು, ಅವನು ಮೇಲೆ ಕುಡಿದರೆ ಜೀವವೇ ಹೋದೀತು. ಬಿಟ್ಟವನು ಮತ್ತೆ ಕುಡಿಯುವುದೂ ಉಂಟು. ಅದಕ್ಕೆ ಹೆಂಡತಿಯ ನಾಲಿಗೆ ಕಾರಣವಲ್ಲ.

ಆದರೆ ಆಸರೆ ಎಂದರೆ ಏಟು ತಿನ್ನುವುದೇ? ಸಂಘದ ಸಾಲ ತಂದು ಅವನ ಬಾಕಿ ತೀರಿಸುವುದೇ? ಅತ್ತೆ, ಮಾವ, ಭಾವ ಮನೆಯವರಲ್ಲವೇ? ಆಸ್ಪತ್ರೆಯ ಬೆಂಚಿನ ಮೇಲೆ ಅವರೂ ಕೂರಲಿ. ಕುಡಿದು ಹೊಡೆದರೂ ಹೊಡೆತವೇ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಕುಡಿತಕ್ಕೆ ರಿಯಾಯಿತಿ ಕೊಟ್ಟಿಲ್ಲ. ಚಿಕಿತ್ಸೆ ನಡೆಯುತ್ತಿರುವಾಗಲೂ ದೂರು ಕೊಡಬಹುದು. ಅಂಗನವಾಡಿ ನೋಡಿಕೊಳ್ಳುವ ನಿಮ್ಮ ತಾಲ್ಲೂಕಿನ ಸಿಡಿಪಿಒ ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಒಬ್ಬಳೇ ಹೋಗಲು ಅಂಜಿಕೆಯಾದರೆ ಸಂಘದ ಇಬ್ಬರು ಜೊತೆಗೆ ಹೋಗಿ.