ನಮ್ಮ ಪೋಸ್ಟರಿನಲ್ಲಿ ಇಲ್ಲದ ಆರನೇ ಹೆಸರು

ಆದಿ ಉಡುಪಿಯಲ್ಲಿ ನಾವು ನಾಲ್ಕು ಜನ ಬಾಡಿಗೆಗಿರುವ ಮನೆಯ ಹಿಂದೆ ಒಂದು ಶೆಡ್ ಉಂಟು. ಅದರೊಳಗೆ ಟಾರ್ಪಾಲು ಹೊದ್ದು ನಿಂತಿರುವುದು 1960ರ ದಶಕದ ಒಂದು ಎಂಜಿ ಮಿಜೆಟ್. ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಓನರ್ ಅಂಕಲ್‌ನ ಅಪ್ಪ ಮುಂಬೈಯಲ್ಲಿ ಹೋಟೆಲ್ ನಡೆಸುತ್ತಿದ್ದ ಕಾಲದಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದಂತೆ. ನಾವು ಮೆಕ್ಯಾನಿಕಲ್ ಅಂತ ಗೊತ್ತಾದ ದಿನವೇ ಅಂಕಲ್ ಟಾರ್ಪಾಲು ಸರಿಸಿ ತೋರಿಸಿದ್ದರು. ಅದರ ರೂಫ್ ಬೋಲ್ಟ್ ಬಿಚ್ಚಿ ಎತ್ತಿಡಬಹುದಾದ ಫೈಬರ್ ಹಾರ್ಡ್‌ಟಾಪ್. ಬಲಬದಿಯ ಹಿಂದಿನ ಮೂಲೆಯಲ್ಲಿ ಒಂದು ಗೇಣು ಉದ್ದದ ಬಿರುಕು. ಮಳೆಯಲ್ಲಿ ಕಾರು ಹೊರಗೆ ತೆಗೆದರೆ ನೀರು ಸೀದಾ ಸೀಟಿಗೆ.

ಆ ರೂಫ್ ಈಗ ಸರಿಯಾಗಿದೆ. ಅದರ ಬಗ್ಗೆ ಟೆಕ್ ಫೆಸ್ಟಿನಲ್ಲಿ ಪೋಸ್ಟರ್ ಹಾಕಿದೆವು, ಬಹುಮಾನವೂ ಬಂತು. ಪೋಸ್ಟರಿನಲ್ಲಿ ಐದು ಹೆಸರು: ನಾವು ನಾಲ್ವರು ಮತ್ತು ಗೈಡ್. ರೂಫನ್ನು ನಿಜವಾಗಿ ಸರಿಮಾಡಿದವರ ಹೆಸರು ಇರಲಿಲ್ಲ. ಹಾಕಬೇಕು ಅಂತ ನಮಗೆ ಯಾರಿಗೂ ಹೊಳೆಯಲೇ ಇಲ್ಲ. ಈ ಲೇಖನ ಅದಕ್ಕಾಗಿ.

ಮೊದಲು ನಾವು ಮಾಡಿದ ಹಾಳು ಕೆಲಸ ಹೇಳಿಬಿಡುತ್ತೇವೆ. ಕಳೆದ ಜೂನಿನಲ್ಲಿ ಎರಡು ವೀಡಿಯೋ ನೋಡಿ, "ಅಂಕಲ್, ಇದು ನಾವು ಮಾಡ್ತೇವೆ" ಅಂದೆವು. ಒಂದು ಡಬ್ಬಿ ರೆಸಿನ್, ಒಂದು ಸಣ್ಣ ಬಾಟ್ಲಿ ಹಾರ್ಡ್‌ನರ್, ಸ್ವಲ್ಪ ಗ್ಲಾಸ್ ಮ್ಯಾಟ್ ತಂದೆವು. ಬಿರುಕಿನ ಸುತ್ತ ಪೇಂಟಿನ ಮೇಲೆಯೇ ನಾಲ್ಕು ಸಲ ಸ್ಯಾಂಡ್ ಪೇಪರ್ ಉಜ್ಜಿ, ಅಂದಾಜಿನಲ್ಲಿ ಹಾರ್ಡ್‌ನರ್ ಸುರಿದು, ಮ್ಯಾಟ್ ಅಂಟಿಸಿ, ಮೇಲೆ ಪುಟ್ಟಿ ಬಳಿದೆವು. ಹೊರಗೆ ಉಡುಪಿಯ ಜೂನ್ ಮಳೆ. ಗೋಡೆಯೇ ಬೆವರುವ ಕಾಲ. ಮೂರು ದಿನವಾದರೂ ಕೈಗೆ ಅಂಟುತ್ತಿತ್ತು. ಆಮೇಲೆ ಹೇಗೋ ಗಟ್ಟಿಯಾಯಿತು. ಫೋಟೋ ಹೊಡೆದು ಸ್ಟೇಟಸ್ ಹಾಕಿದೆವು. ಜುಲೈಯಲ್ಲಿ ಅಂಕಲ್ ಒಂದು ಭಾನುವಾರ ಮಲ್ಪೆ ಬೀಚ್ ತನಕ ಕಾರು ಓಡಿಸಿ ಬಂದರು. ನಮ್ಮ ಪ್ಯಾಚ್ ಕಾವಲಿ ಬಿಟ್ಟ ದೋಸೆಯ ಅಂಚಿನ ಹಾಗೆ ಎದ್ದಿತ್ತು. ಬಿರುಕು ಎರಡು ಇಂಚು ಮುಂದೆ ಹೋಗಿತ್ತು.

ಅಂಕಲ್ ಬೈಯಲಿಲ್ಲ. "ಅಪ್ಪನ ಕಾಲದ್ದು ಮಾರಾಯ" ಅಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಮಲ್ಪೆಗೆ ಹೋಗುವ ಐಡಿಯಾ ಬಂದದ್ದು ನಮ್ಮಲ್ಲಿ ಒಬ್ಬನ ಅಮ್ಮನಿಗೆ. "ದೋಣಿಗೆ ಫೈಬರ್ ಹಾಕುವವರಿಗೆ ಕಾರಿಗೆ ಹಾಕ್ಲಿಕ್ಕೆ ಬರುದಿಲ್ವಾ?" ಅಂತ ಫೋನಿನಲ್ಲಿ ಕೇಳಿದರು. ಆದಿ ಉಡುಪಿಯಿಂದ ಮಲ್ಪೆ ಬಸ್ಸಿನಲ್ಲಿ ಹತ್ತು ನಿಮಿಷ. ದಿನಾ ಆ ಬಸ್ಸು ನೋಡುತ್ತೇವೆ. ಅಲ್ಲಿ ದೋಣಿಗಳು ಫೈಬರಿನವು ಅಂತಲೂ ಗೊತ್ತು. ಎರಡನ್ನೂ ಸೇರಿಸಿ ಯೋಚನೆ ಮಾಡುವ ಕೆಲಸ ಮಾತ್ರ ನಮ್ಮ ಸಿಲಬಸ್ಸಿನಲ್ಲಿ ಇರಲಿಲ್ಲ.

ಬಂದರಿನ ಹತ್ತಿರ ಫೈಬರ್ ಕೆಲಸ ಮಾಡುವ ಒಬ್ಬ ಅಣ್ಣ ಸಿಕ್ಕಿದರು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿರುವ ಆ ಎರಡು ತಿಂಗಳೇ ಅವರಿಗೆ ಸೀಸನ್. ನಮ್ಮ ಫೋಟೋ ನೋಡಿ, "ಆಗಸ್ಟಿನಲ್ಲಿ ಬನ್ನಿ. ಬೋಟ್ ನಿಂತ್ರೆ ಹೊಟ್ಟೆ ನಿಲ್ತದೆ. ಕಾರ್ ನಿಂತ್ರೆ ಎಂತ ಆಗ್ತದೆ?" ಅಂದರು. ಉತ್ತರ ಇರಲಿಲ್ಲ.

ಆಗಸ್ಟಿನಲ್ಲಿ ಒಂದು ವಾರ ಮಳೆ ಬಿಟ್ಟಿತು. ರೂಫನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋದೆವು. ಅವರು ಮೊದಲು ಮಾಡಿದ್ದು ನಾಣ್ಯ ತೆಗೆದು ಬಿರುಕಿನ ಸುತ್ತ ತಟ್ಟಿದ್ದು. ಹಲಸಿನಕಾಯಿ ಬೆಳೆದಿದೆಯಾ ಅಂತ ನೋಡುವ ಹಾಗೆ. ಒಳ್ಳೆಯ ಜಾಗದಲ್ಲಿ ಟಣ್ ಅನ್ನುವ ಸದ್ದು, ಬಿರುಕಿನ ಸುತ್ತ ಅಂಗೈಯಷ್ಟು ಜಾಗದಲ್ಲಿ ಟೊಳ್ಳು. "ಇಲ್ಲಿ ಪದರ ಬಿಟ್ಟಿದೆ" ಅಂದರು. ಡಿಲ್ಯಾಮಿನೇಶನ್! ಎರಡು ಮಾರ್ಕಿನ ಪ್ರಶ್ನೆಗೆ ಡೆಫಿನಿಶನ್ ಬರೆಯುವಷ್ಟು ನಮಗೂ ಗೊತ್ತು. ಅದಕ್ಕೆ ಒಂದು ಸದ್ದು ಉಂಟು ಅಂತ ಗೊತ್ತಾದದ್ದು ಆವತ್ತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ 'ಪದರ ಬಿಟ್ಟಿದೆ' ಅನ್ನುವ ಮೂರನೇ ಕ್ಲಾಸಿನ ಕನ್ನಡದಲ್ಲಿ ಇಷ್ಟು ಸರಿಯಾಗಿ ಹೇಳಬಹುದು ಅಂತಲೂ ಆವತ್ತೇ ಗೊತ್ತಾಯಿತು.

ಎರಡನೇ ಪ್ರಶ್ನೆ: "ಬಿರುಕು ಎಲ್ಲಿ ಶುರುವಾಯ್ತು?" ನಾವು ಬಿರುಕಿನ ಅಗಲವಾದ ಜಾಗ ತೋರಿಸಿದೆವು. ಅವರು ಬೋಲ್ಟಿನ ತೂತು ತೋರಿಸಿದರು. ಯಾರೋ ರಬ್ಬರ್ ವಾಷರ್ ಇಲ್ಲದೆ ಬೋಲ್ಟನ್ನು ಬಿಗಿದಿದ್ದರು.

ಇದರ ಹಿಂದಿನ ಲೆಕ್ಕ ನಮಗೆ ಆಮೇಲೆ ಹೊಳೆಯಿತು. ರೂಫ್ ಇಲ್ಲದ ಕಾರು ಮುಚ್ಚಳ ತೆಗೆದ ಶೂ ಬಾಕ್ಸಿನ ಹಾಗೆ. ಎರಡು ಬದಿ ಹಿಡಿದು ತಿರುಚಿದರೆ ತಿರುಚುತ್ತದೆ. ದೊಡ್ಡ ಕಂಪನಿಗಳಿಗೂ ಇದು ತಲೆನೋವೇ ಆಗಿತ್ತು. ಮೇಲಿನ ಫಲಕ ತೆಗೆಯಬಹುದಾದ 911 ಟಾರ್ಗಾವನ್ನು ಪೋರ್ಶೆ 1965ರಲ್ಲಿ ತೋರಿಸಿದಾಗ ಸೀಟಿನ ಹಿಂದೆ ಅಗಲದ ಒಂದು ಕಮಾನು ಉಳಿಸಿಕೊಂಡಿತ್ತು. ಕಾರ್ವೆಟ್ 1953ರಿಂದಲೇ ಫೈಬರ್ ಬಾಡಿಯ ಕಾರು. ಅದರ 1968ರ ಮಾಡೆಲ್ಲಿಗೆ ಒಂದೇ ದೊಡ್ಡ ಫಲಕ ಇಡುವ ಯೋಚನೆ ಇತ್ತು. ಬಾಡಿ ತಿರುಚುತ್ತದೆ ಅಂತ ಮಧ್ಯದಲ್ಲಿ ಒಂದು ಪಟ್ಟಿ ಕೊಟ್ಟು ಫಲಕವನ್ನು ಎರಡು ಮಾಡಿದರು. ಟಿ-ಟಾಪ್ ಬಂದದ್ದು ಹಾಗೆ. ನಮ್ಮ ಮಿಜೆಟ್ ಆದಿ ಉಡುಪಿಯ ಗುಂಡಿಗಳಲ್ಲಿ ತಿರುಚುವಾಗ ಗಟ್ಟಿ ರೂಫ್ ಅದನ್ನು ತಡೆಯಲು ನೋಡುತ್ತದೆ. ಆ ಜಗ್ಗಾಟವೆಲ್ಲ ಬಂದು ಸೇರುವುದು ಬೋಲ್ಟಿನ ತೂತಿಗೆ. ಸ್ಟ್ರೆಸ್ ಕಾನ್ಸಂಟ್ರೇಶನ್ ಚಿತ್ರವನ್ನು ನಾವು ಸ್ಕೇಲ್ ಇಟ್ಟು ಚಂದ ಬಿಡಿಸಿ ಮಾರ್ಕ್ ತಗೊಂಡವರು. ರೂಫ್ ನೋಡುವಾಗ ಆ ಚಿತ್ರ ನೆನಪಾಗಲಿಲ್ಲ.

ಕೆಲಸ ಶುರುವಾದ ಮೇಲೆ ಅಣ್ಣ ನಮ್ಮ ಕೈಗೆ ಗ್ರೈಂಡರ್ ಕೊಟ್ಟರು, ಮುಖಕ್ಕೆ ಮಾಸ್ಕ್ ಕೊಟ್ಟರು. ಗ್ಲಾಸಿನ ಧೂಳು ಒಳಗೆ ಹೋಗಬಾರದು. ಟೊಳ್ಳು ಭಾಗವನ್ನೆಲ್ಲ ಒಳಬದಿಯಿಂದ ಉಜ್ಜಿ ತೆಗೆಸಿದರು. ಅಂಚನ್ನು ನಿಧಾನಕ್ಕೆ ಇಳಿಜಾರು ಮಾಡಬೇಕು. "ಎಷ್ಟು ಅಗಲ ಅಣ್ಣಾ?" ಅಂದರೆ ಎರಡು ಬೆರಳು ಇಟ್ಟು ತೋರಿಸಿದರು. ಅಲ್ಲಿ ಫೈಬರಿನ ದಪ್ಪ ಮೂರು ಮಿಲಿಮೀಟರ್. ಪುಸ್ತಕದ ಪ್ರಕಾರ ಇಳಿಜಾರು ದಪ್ಪದ ಹನ್ನೆರಡು ಪಾಲು, ಅಂದರೆ 36 ಮಿಲಿಮೀಟರ್. ರೂಮಿಗೆ ಬಂದು ಸ್ಕೇಲ್ ಹಿಡಿದು ನೋಡಿದೆವು, ಎರಡು ಬೆರಳು ಹೆಚ್ಚುಕಡಿಮೆ ಅಷ್ಟೇ.

ರೆಸಿನನ್ನು ಅವರು ತೂಕ ಮಾಡಿಯೇ ತಗೊಂಡರು. ಹಾರ್ಡ್‌ನರ್ ನೂರು ಗ್ರಾಮಿಗೆ ಒಂದರಿಂದ ಎರಡು ಗ್ರಾಂ. ಕೋಬಾಲ್ಟನ್ನು ಮೊದಲು ರೆಸಿನಿಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್. ಇವೆರಡೂ ನೇರ ಒಂದಕ್ಕೊಂದು ಸೇರಿದರೆ ಸ್ಫೋಟ ಆಗಬಹುದು. ಈ ವಿಷಯ ನಾವು ನೋಡಿದ ಎರಡೂ ವೀಡಿಯೋದಲ್ಲಿ ಇರಲಿಲ್ಲ. ಅಸಿಟೋನಿನಲ್ಲಿ ಒರೆಸಿ, ಒಣಗಿಸಿ, ಸಣ್ಣ ತುಂಡಿನಿಂದ ದೊಡ್ಡ ತುಂಡಿನವರೆಗೆ ಪದರ ಪದರವಾಗಿ ಮ್ಯಾಟ್ ಇಟ್ಟು, ರೋಲರಿನಲ್ಲಿ ಗಾಳಿಗುಳ್ಳೆ ಒತ್ತಿ ತೆಗೆದರು. ಬೋಲ್ಟಿನ ಜಾಗಕ್ಕೆ ಎರಡು ಪದರ ಜಾಸ್ತಿ. ಕೊನೆಗೆ ಹೊರಬದಿಯ ಗೆರೆಯನ್ನು ತುಂಬಿಸಿ ಉಜ್ಜಿದರು. ಸಾಮಾನು, ಮಜೂರಿ ಎಲ್ಲ ಸೇರಿ 3,400 ರೂಪಾಯಿ. "ಇನ್ನು ಬೋಲ್ಟಿಗೆ ರಬ್ಬರ್ ಹಾಕಿ, ಕೈಯಲ್ಲಿ ಬಿಗೀರಿ. ಮತ್ತೆ ದಾಲ ತೊಂದರೆ ಇಜ್ಜಿ" ಅಂದರು. ಆಮೇಲೆ ತುಂಬ ಸಲ ಕಾರು ಓಡಿದೆ. ತೊಂದರೆ ಇಲ್ಲ.

ಈಗ ಪೋಸ್ಟರಿನ ವಿಷಯ. ಅದರಲ್ಲಿ ನಾಣ್ಯದ ಸದ್ದು 'ಟ್ಯಾಪ್ ಟೆಸ್ಟ್' ಆಯಿತು. ಎರಡು ಬೆರಳು 'ಟೇಪರ್ ರೇಶಿಯೋ' ಆಯಿತು. ಬೋಲ್ಟಿನ ತೂತು ಒಂದು ಬಣ್ಣಬಣ್ಣದ ಅನಾಲಿಸಿಸ್ ಚಿತ್ರ ಆಯಿತು. ಅದನ್ನು ನಾವೇ ಮಾಡಿದ್ದು, ಒಳ್ಳೆಯದೇ ಆಗಿತ್ತು. ಆದರೆ ಆ ಚಿತ್ರದಲ್ಲಿ ಎಲ್ಲಿ ಕೆಂಪು ಬರಬೇಕು ಅಂತ ನಮಗೆ ಮೊದಲೇ ಬೆರಳಿಟ್ಟು ತೋರಿಸಿದವರು ಇದ್ದರು. ಪೇಪರಿನಿಂದ ಒಂದು ಗ್ರಾಫ್ ತಗೊಂಡರೆ ಕೆಳಗೆ ಹೆಸರು ಹಾಕುತ್ತೇವೆ, ಇಲ್ಲದಿದ್ದರೆ ಕಾಪಿ ಅಂತಾರೆ. ಮಲ್ಪೆಯಿಂದ ಇಡೀ ವಿಧಾನವನ್ನೇ ತಗೊಂಡು ಬಂದರೆ ಯಾಕೆ ಯಾರೂ ಕಾಪಿ ಅನ್ನುವುದಿಲ್ಲ? ಬರೆದಿಡದ ವಿದ್ಯೆಗೆ ಯಜಮಾನರಿಲ್ಲ ಅಂತ ನಾವೆಲ್ಲ ಒಳಗೊಳಗೆ ನಂಬಿದ್ದೇವೆ, ಅದಕ್ಕೆ.

ಫ್ರೆಂಡ್ಸ್ ಹತ್ತಿರ ಇದನ್ನು ಹೇಳಿದಾಗ ಎರಡು ಆಕ್ಷೇಪ ಬಂತು. ಒಂದು, ದುಡ್ಡು ಕೊಟ್ಟಾಯಿತಲ್ಲ, ಮತ್ತೆಂಥ ಹೆಸರು? ದುಡ್ಡು ಕೊಟ್ಟದ್ದು ರೂಫಿಗೆ. ಕಲಿಸಿದ್ದಕ್ಕೆ ನಾವು ಒಂದು ಪೈಸೆ ಕೊಟ್ಟಿಲ್ಲ, ಬಹುಮಾನ ಬಂದದ್ದು ಮಾತ್ರ ಕಲಿತದ್ದಕ್ಕೆ. ಇನ್ನೊಂದು, ಹಳೇ ಸ್ಪೋರ್ಟ್ಸ್ ಕಾರು ದುಡ್ಡಿದ್ದವರ ಆಟಿಕೆ, ಇದರಿಂದ ಯಾರಿಗೆ ಉಪಯೋಗ? ಆಟಿಕೆ ಹೌದು. ಆದರೆ ಅದೇ ರೆಸಿನ್, ಅದೇ ಮ್ಯಾಟ್, ಅದೇ ಎರಡು ಬೆರಳು ಅಳತೆಯಲ್ಲಿ ದೋಣಿ ರಿಪೇರಿಯಾಗುತ್ತದೆ. ಆ ದೋಣಿಯಲ್ಲಿ ಜನ ಸಮುದ್ರಕ್ಕೆ ಹೋಗುತ್ತಾರೆ. ಅಲ್ಲಿ ಪ್ಯಾಚ್ ಎದ್ದರೆ ಒದ್ದೆಯಾಗುವುದು ಬರೇ ಸೀಟ್ ಅಲ್ಲ.

ಹಾಗಾಗಿ ನಮ್ಮ ಕೋರಿಕೆ ದೊಡ್ಡದೇನಲ್ಲ. ಮಿನಿ ಪ್ರಾಜೆಕ್ಟಿಗೆ ರಿಪೇರಿಯನ್ನೂ ಒಪ್ಪಿಕೊಳ್ಳಲಿ. ಹೊಸತು ಮಾಡಿದರೆ ಮಾತ್ರ ಪ್ರಾಜೆಕ್ಟ್ ಅನ್ನುವುದರಿಂದಲೇ ಪ್ರತಿ ವರ್ಷ ಅದೇ ಲೈನ್ ಫಾಲೋವರ್ ರೋಬೋ ಬರುತ್ತಾ ಇರುವುದು. ಮುರಿದದ್ದು ಯಾಕೆ ಮುರಿಯಿತು ಅಂತ ಹುಡುಕಲಿಕ್ಕೆ ಹೊಸತು ಮಾಡುವುದಕ್ಕಿಂತ ಜಾಸ್ತಿ ತಲೆ ಬೇಕು. ಇಂಡಸ್ಟ್ರಿಯಲ್ ವಿಸಿಟ್ ಅಂತ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರಿಗೆ ಹೋಗುವ ಬದಲು ಒಮ್ಮೆ ಮಲ್ಪೆ ಬಸ್ಸು ಹತ್ತುವ. ಮತ್ತೆ, ರಿಪೋರ್ಟಿನ ಮೊದಲ ಪುಟದಲ್ಲಿ ಗೈಡ್ ಹೆಸರಿನ ಕೆಳಗೆ ಕೆಲಸ ಕಲಿಸಿದವರಿಗೂ ಒಂದು ಸಾಲು ಇರಲಿ.

ಈ ಲೇಖನದಲ್ಲಿ ಆ ಅಣ್ಣನ ಹೆಸರು ಯಾಕಿಲ್ಲ ಅಂತ ನೀವು ಕೇಳಬಹುದು. ಕೇಳಿಯೇ ಬಿಟ್ಟದ್ದು. "ಇಂಟರ್ನೆಟ್ಟಿಗೆ ಬೇಡ ಮಾರ್ರೆ, ಕಾಲೇಜು ಮಕ್ಕಳೆಲ್ಲ ಬಂದು ತಲೆ ತಿಂತಾರೆ. ಕಾಲೇಜಲ್ಲಿ ಬೇಕಾದ್ರೆ ಹಾಕಿ" ಅಂದರು. ನಮ್ಮ ಪೋಸ್ಟರ್ ಈಗ ಡಿಪಾರ್ಟ್‌ಮೆಂಟ್ ಕಾರಿಡಾರಿನಲ್ಲಿ ಉಂಟು. ಹೆಸರಿನ ಸ್ಪೆಲಿಂಗ್ ಕೇಳಲಿಕ್ಕೆ ಇನ್ನೊಮ್ಮೆ ಹೋದಾಗ, "ಕನ್ನಡದಲ್ಲೇ ಬರೀರಿ" ಅಂದರು. ಮಾರ್ಕರಿನಲ್ಲಿ ಬರೆದು ಬಂದೆವು. ಇಡೀ ಪೋಸ್ಟರಿನಲ್ಲಿ ಕನ್ನಡದಲ್ಲಿರುವುದು ಅದೊಂದೇ. ಆ ಕಡೆ ಹೋದಾಗ ನೋಡಿ.