ಡಬ್ಬಿಯ ಪುಡಿಗೂ ಲೆಕ್ಕ ಕೊಡಬೇಕು
2023ರ ಅಕ್ಟೋಬರ್‌ನಲ್ಲಿ ಧಾರವಾಡದಲ್ಲಿ ಪುರುಷರ ಐಟಿಎಫ್ ಟೆನಿಸ್ ಟೂರ್ನಿ ನಡೆದು, ರಾಮಕುಮಾರ್ ರಾಮನಾಥನ್ ಸಿಂಗಲ್ಸ್ ಗೆದ್ದರು. ಇಂಥ ಟೂರ್ನಿಗೆ ಹೆಸರು ಕೊಟ್ಟವನೂ ವಿಂಬಲ್ಡನ್ ಆಡುವವನ ಹಾಗೆಯೇ ಉದ್ದೀಪನ ಮದ್ದಿನ ನಿಯಮಕ್ಕೆ ಒಳಪಡುತ್ತಾನೆ. ನಿಯಮ ಒಂದೇ, ಅದನ್ನು ಎದುರಿಸುವ ಶಕ್ತಿ ಒಂದೇ ಅಲ್ಲ. 2024ರ ಮಾರ್ಚ್‌ನಲ್ಲಿ ಟೆನಿಸ್ ತಾರೆ ಯಾನಿಕ್ ಸಿನ್ನರ್ ದೇಹದಲ್ಲಿ ನಿಷೇಧಿತ ಮದ್ದು ಕ್ಲೋಸ್ಟೆಬಾಲ್ ಸಿಕ್ಕಿತು. ಅವರ ಫಿಸಿಯೊ ತನ್ನ ಬೆರಳಿನ ಗಾಯಕ್ಕೆ ಹಾಕಿಕೊಂಡ ಸ್ಪ್ರೇಯಿಂದ ಅದು ಮಸಾಜ್ ಮೂಲಕ ಸೇರಿತೆಂಬ ವಿವರಣೆಯನ್ನು ನ್ಯಾಯಮಂಡಳಿ ಒಪ್ಪಿತು; ವಿಶ್ವ ಉದ್ದೀಪನ ಮದ್ದು ನಿಗ್ರಹ ಸಂಸ್ಥೆಯ (ವಾಡಾ) ಮೇಲ್ಮನವಿಯ ನಂತರ, 2025ರಲ್ಲಿ ಮೂರು ತಿಂಗಳ ನಿಷೇಧಕ್ಕೆ ರಾಜಿಯಾಯಿತು. ನಮ್ಮ ಉಡುಪಿ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದವರು. ಮರುವರ್ಷ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ, ಕೋಚ್ ಕೊಟ್ಟ ಜಿನ್‌ಸೆಂಗ್ ಕಾರಣವೆಂದರು. ಆದರೂ ಕ್ರೀಡಾ ನ್ಯಾಯಾಲಯ ಅವರಿಗೆ ಮೊದಲು ವಿಧಿಸಿದ್ದ ನಿಷೇಧವನ್ನು ಎರಡು ವರ್ಷಕ್ಕೆ ಏರಿಸಿತು. ಪರೀಕ್ಷೆ ಬೇಕೇ ಬೇಕು. ಅದಿಲ್ಲದಿದ್ದರೆ ಪ್ರಾಮಾಣಿಕವಾಗಿ ಆಡುವವರಿಗೆ ಮೋಸ. ಆದರೆ ವಕೀಲರನ್ನೂ ತಜ್ಞರನ್ನೂ ಇಟ್ಟುಕೊಳ್ಳಲಾಗದ ಹುಡುಗರಿಗೆ ಮುನ್ನೆಚ್ಚರಿಕೆಯೊಂದೇ ರಕ್ಷಣೆ. ಹುಬ್ಬಳ್ಳಿ-ಧಾರವಾಡದ ತಂದೆ-ತಾಯಿಗಳೇ, ತರಬೇತುದಾರರೇ, ಅಂಗಡಿಯವರ ಮಾತು ನಂಬಿ ಮಕ್ಕಳಿಗೆ ಪ್ರೋಟೀನ್ ಡಬ್ಬಿ ಕೊಡಬೇಡಿ. ಕೆಮ್ಮಿನ ಔಷಧವನ್ನೂ ನಿಷೇಧಿತ ಪಟ್ಟಿ ಬಲ್ಲ ವೈದ್ಯರನ್ನು ಕೇಳಿಯೇ ಕೊಡಿ.